ಚಾವಣಿ ತುಂಬ ಸೋಲಾರ್ ಇದ್ದರೆ ಕಾಲೇಜಿನಲ್ಲಿ ಕರೆಂಟ್ ಹೋಗುವುದಿಲ್ಲವೇ?

ಬೇಸಿಗೆಯ ಮಧ್ಯಾಹ್ನ 12 ಗಂಟೆ. ವಿಶ್ವವಿದ್ಯಾಲಯವೊಂದರ ಗ್ರಂಥಾಲಯದ ಚಾವಣಿಯ ಮೇಲೆ ಸಾಲು ಸಾಲು ಸೋಲಾರ್ ಫಲಕಗಳು ಸುಡುಬಿಸಿಲಿಗೆ ಮೈಯೊಡ್ಡಿ ಮಲಗಿವೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಫ್ಯಾನುಗಳು ನಿಲ್ಲುತ್ತವೆ, ಕಂಪ್ಯೂಟರುಗಳು ಆರುತ್ತವೆ. ಸ್ವಲ್ಪ ಹೊತ್ತಿಗೆ ಹಿಂದಿನ ಷೆಡ್ಡಿನಲ್ಲಿ ಡೀಸೆಲ್ ಜನರೇಟರ್ ಗುಡುಗತೊಡಗುತ್ತದೆ. "ಇಷ್ಟು ದುಡ್ಡು ಸುರಿದು ಸೋಲಾರ್ ಹಾಕಿಸಿದ್ದು ಯಾವ ಭಾಗ್ಯಕ್ಕೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ ಸಹಜವಾದದ್ದೇ. ಆದರೆ ಆ ಫಲಕಗಳು ಕೆಟ್ಟಿಲ್ಲ. ಅವು ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಮಾಡುತ್ತಿವೆ. ಇಂಥ ಗೊಂದಲ ಹುಟ್ಟುವುದು ಯೋಜನೆಯನ್ನು "ಎಷ್ಟು ಫಲಕ ಹಾಕೋಣ?" ಎಂಬ ಪ್ರಶ್ನೆಯಿಂದ ಶುರು ಮಾಡಿದಾಗ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಕ್ಯಾಂಪಸ್ಸಿನಲ್ಲಿ ಶಕ್ತಿ ಯಾವ ಕೆಲಸಕ್ಕೆ ಬೇಕು, ಯಾವ ಹೊತ್ತಿನಲ್ಲಿ ಬೇಕು? ಇದಕ್ಕೆ ಉತ್ತರ ಸಿಕ್ಕರೆ ಉಳಿದ ಲೆಕ್ಕಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಒಂದೊಂದಾಗಿ ನೋಡೋಣ.

ಬಿಸಿಲಿದ್ದರೂ ಸೋಲಾರ್ ನಿಲ್ಲುವುದೇಕೆ?

ಹೆಚ್ಚಿನ ಕಾಲೇಜುಗಳಲ್ಲಿರುವುದು ವಿದ್ಯುತ್ ಜಾಲಕ್ಕೆ ಜೋಡಿಸಿದ ವ್ಯವಸ್ಥೆ. ಫಲಕಗಳು ಕೊಡುವ ನೇರ ವಿದ್ಯುತ್ತನ್ನು ಇನ್ವರ್ಟರ್ ಎಂಬ ಸಾಧನ ಪರ್ಯಾಯ ವಿದ್ಯುತ್ತಾಗಿ ಬದಲಿಸಿ ಜಾಲದೊಂದಿಗೆ ಸೇರಿಸುತ್ತದೆ. ಹಾಗೆ ಸೇರಿಸಲು ಅದು ಜಾಲದ ವೋಲ್ಟೇಜ್ ಮತ್ತು ಲಯವನ್ನು ಸದಾ ಗಮನಿಸುತ್ತಿರುತ್ತದೆ. ಜಾಲದಲ್ಲಿ ವಿದ್ಯುತ್ ನಿಂತ ಕೂಡಲೇ ಇನ್ವರ್ಟರ್ ಕೂಡ ತಾನಾಗಿ ನಿಲ್ಲುತ್ತದೆ.

ಇದು ದೋಷವಲ್ಲ, ಸುರಕ್ಷತೆಯ ಏರ್ಪಾಟು. ಕರೆಂಟ್ ತೆಗೆದಿದ್ದಾರೆ ಎಂದು ನಂಬಿ ಲೈನ್‌ಮನ್ ಕಂಬ ಹತ್ತಿರುತ್ತಾನೆ. ಆಗ ನಮ್ಮ ಚಾವಣಿಯಿಂದ ತಂತಿಗೆ ವಿದ್ಯುತ್ ಹರಿದರೆ ಅವನ ಜೀವಕ್ಕೇ ಅಪಾಯ.

ಹಾಗಾದರೆ ಕರೆಂಟ್ ಹೋದಾಗ ಸೋಲಾರ್ ಬಳಸುವಂತೆಯೇ ಇಲ್ಲವೇ? ಬಳಸಬಹುದು. ಅದಕ್ಕೆ ಬ್ಯಾಟರಿಯೂ, ಜಾಲದಿಂದ ಕ್ಯಾಂಪಸ್ಸನ್ನು ಪೂರ್ತಿ ಬೇರ್ಪಡಿಸಿ ತಾನೇ ಲಯ ಹಿಡಿದು ನಡೆಸಬಲ್ಲ ಹೈಬ್ರಿಡ್ ಇನ್ವರ್ಟರ್ ಕೂಡ ಬೇಕು. ಬ್ಯಾಟರಿ ದುಬಾರಿಯಾದ್ದರಿಂದ ಇಡೀ ಕ್ಯಾಂಪಸ್ಸನ್ನು ಅದರ ಮೇಲೆ ನಡೆಸುವುದು ಕಷ್ಟ. ಜಾಣತನವೆಂದರೆ ನಿಲ್ಲಲೇಬಾರದ ಕೆಲಸಗಳ ಪಟ್ಟಿ ಮಾಡುವುದು. ಜೀವವಿಜ್ಞಾನ ವಿಭಾಗದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇದ್ದರೆ, ಅದರಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬರ ವರ್ಷಗಳ ಮಾದರಿಗಳಿರುತ್ತವೆ. ಅದು ಕರಗಿದರೆ ಮತ್ತೆ ಸಿಗುವುದಿಲ್ಲ. ಫ್ರೀಜರ್, ಸರ್ವರ್, ಆರೋಗ್ಯ ಕೇಂದ್ರ, ಮೆಟ್ಟಿಲುಗಳ ದೀಪ ಇವಿಷ್ಟನ್ನು ಬೇರೆ ತಂತಿಗೆ ಜೋಡಿಸಿದರೆ ಚಿಕ್ಕ ಬ್ಯಾಟರಿಯೇ ಸಾಕಾಗಬಹುದು. ಸಭಾಂಗಣದ ಏಸಿ ಸ್ವಲ್ಪ ಹೊತ್ತು ಕಾಯಲಿ.

ಡೀಸೆಲ್ ಜನರೇಟರಿನ ಜೊತೆಗೆ ಸೋಲಾರ್ ಓಡಿಸುವ ಪದ್ಧತಿಯೂ ಇದೆ. ಆದರೆ ಅದಕ್ಕೆ ವಿಶೇಷ ನಿಯಂತ್ರಕ ಬೇಕು. ಇಲ್ಲವಾದರೆ ಬೇಡಿಕೆ ಕಡಿಮೆಯಿದ್ದಾಗ ಸೋಲಾರ್ ವಿದ್ಯುತ್ ಜನರೇಟರಿನತ್ತಲೇ ಹಿಮ್ಮುಖವಾಗಿ ಹರಿದು ಅದನ್ನು ಕೆಡಿಸಬಹುದು.

ಚಾವಣಿಯಿಂದ ಎಷ್ಟು ಸಿಗುತ್ತದೆ?

ಸಾಮಾನ್ಯ ಲೆಕ್ಕ ಹೀಗಿದೆ. 1 ಕಿಲೋವ್ಯಾಟ್ ಫಲಕಗಳಿಗೆ ಓಡಾಡುವ ಜಾಗವೂ ಸೇರಿ ಸುಮಾರು 10 ಚದರ ಮೀಟರ್ ಚಾವಣಿ ಬೇಕು. ನಮ್ಮ ಕರ್ನಾಟಕದ ಬಿಸಿಲಿಗೆ ಅದು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದಕ್ಕಿಂತ ಕಡಿಮೆ, ಬಯಲುಸೀಮೆಯ ಫೆಬ್ರವರಿ–ಮಾರ್ಚ್‌ನಲ್ಲಿ ಹೆಚ್ಚು.

ಈಗ ದಿನಕ್ಕೆ 5,000 ಯೂನಿಟ್ ಬಳಸುವ ಒಂದು ಕ್ಯಾಂಪಸ್ಸನ್ನು ಊಹಿಸಿಕೊಳ್ಳೋಣ. ಅದಕ್ಕೆ 5,000 ಚದರ ಮೀಟರ್ ನೆರಳಿಲ್ಲದ ಚಾವಣಿ ಇದೆಯೆಂದರೆ 500 ಕಿಲೋವ್ಯಾಟ್ ಕೂರಿಸಬಹುದು. ಸಿಗುವುದು ದಿನಕ್ಕೆ ಸುಮಾರು 2,000 ಯೂನಿಟ್. ಅಂದರೆ ಬೇಡಿಕೆಯ ಶೇ. 40. ಒಳ್ಳೆಯ ಪಾಲೇ, ಆದರೆ "ಸಂಪೂರ್ಣ ಸ್ವಾವಲಂಬಿ ಕ್ಯಾಂಪಸ್" ಎಂಬ ಫಲಕ ತೂಗುಹಾಕುವಷ್ಟಲ್ಲ.

ಇನ್ನೊಂದು ತೊಡಕು ಸಮಯದ್ದು. ತರಗತಿ, ಪ್ರಯೋಗಾಲಯ, ಕಚೇರಿಗಳ ಬಳಕೆ ಹಗಲಿನಲ್ಲಿ, ಅದು ಬಿಸಿಲಿಗೆ ಹೊಂದುತ್ತದೆ. ಹಾಸ್ಟೆಲ್ಲುಗಳ ಬಳಕೆ ಮುಂಜಾನೆ ಮತ್ತು ರಾತ್ರಿ, ಹೊಂದುವುದಿಲ್ಲ. ಭಾನುವಾರ ಮತ್ತು ರಜಾ ದಿನಗಳಲ್ಲಿ ಬಿಸಿಲಿದೆ, ಬಳಸುವವರಿಲ್ಲ. ಹೆಚ್ಚಾದ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟಾಗ ಎಸ್ಕಾಂ ಅದನ್ನು ಬಿಲ್ಲಿನಲ್ಲಿ ಹೇಗೆ ವಜಾ ಮಾಡುತ್ತದೆ, ಯಾವ ದರ ಕೊಡುತ್ತದೆ ಎಂಬುದರ ಮೇಲೆ ಯೋಜನೆಯ ಲಾಭ ನಿಂತಿರುತ್ತದೆ. ಇದನ್ನು ಫಲಕ ಕೊಳ್ಳುವ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು.

"ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು" ನಿಜವೇ?

ಅರ್ಧ ನಿಜ. ಫಲಕಕ್ಕೆ ಬೇಕಾದದ್ದು ಬೆಳಕು, ಸೆಕೆಯಲ್ಲ. ಸಿಲಿಕಾನ್ ಫಲಕ 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕದ ಮೈ 60 ಡಿಗ್ರಿ ಮುಟ್ಟಿದರೆ ನಷ್ಟ ಶೇ. 10 ದಾಟುತ್ತದೆ. ಆದ್ದರಿಂದ ಫಲಕಗಳನ್ನು ಚಾವಣಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿ ಆಡುವಂತೆ ಎತ್ತರಿಸಬೇಕು.

ನೆರಳಿನ ವಿಷಯ ಇನ್ನೂ ಸೂಕ್ಷ್ಮ. ಫಲಕಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ನೀರಿನ ಟ್ಯಾಂಕಿನ ನೆರಳು ಒಂದೆರಡು ಫಲಕಗಳ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಪೆಟ್ಟು ಬೀಳಬಹುದು. ಹಾಗೆಂದು ಕ್ಯಾಂಪಸ್ಸಿನ ಹೊಂಗೆ, ಮಾವಿನ ಮರಗಳನ್ನು ಕಡಿಯುವುದು ಮೂರ್ಖತನ. ಮರದ ನೆರಳಿನಲ್ಲಿರುವ ಕಟ್ಟಡಕ್ಕೆ ಫ್ಯಾನ್, ಏಸಿ ಕಡಿಮೆ ಸಾಕು. ಆ ಚಾವಣಿಯನ್ನು ಬಿಟ್ಟು ಇನ್ನೊಂದನ್ನು ಹುಡುಕುವುದೇ ಲೇಸು.

ಶಕ್ತಿ ಎಂದರೆ ವಿದ್ಯುತ್ ಮಾತ್ರವಲ್ಲ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಘಟಕ ಶುರುವಾಯಿತು. ಅದನ್ನು ಕಟ್ಟಿದ ವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿ. ಕಡಿಮೆ ಸೌದೆ ಬಳಸುವ 'ಅಸ್ತ್ರ ಒಲೆ' ನಮ್ಮ ಹಳ್ಳಿಗಳಿಗೆ ಬಂದದ್ದು ಅಲ್ಲಿಂದಲೇ. ರೆಡ್ಡಿಯವರು ಒತ್ತಿ ಹೇಳುತ್ತಿದ್ದ ವಿಚಾರ ಸರಳವಾದದ್ದು: ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಆ ಯೂನಿಟ್ಟುಗಳು ಮಾಡಿಕೊಡುವ ಕೆಲಸ. ಬೆಳಕು, ಬಿಸಿನೀರು, ಬೆಂದ ಅನ್ನ. ಆ ಕೆಲಸ ಯಾವ ದಾರಿಯಲ್ಲಿ ಸುಲಭವಾಗಿ ಆಗುತ್ತದೆ ಎಂದು ನೋಡಬೇಕು.

ಇದನ್ನು ಹಾಸ್ಟೆಲ್ಲಿಗೆ ಅನ್ವಯಿಸೋಣ. 300 ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ 30 ಲೀಟರ್ ಬಿಸಿನೀರು ಎಂದರೆ 9,000 ಲೀಟರ್. ಅಷ್ಟು ನೀರಿನ ಉಷ್ಣತೆಯನ್ನು 25 ಡಿಗ್ರಿ ಏರಿಸಲು ಸುಮಾರು 260 ಯೂನಿಟ್ ಶಕ್ತಿ ಬೇಕು. ಇದನ್ನು ಸೋಲಾರ್ ಫಲಕದ ವಿದ್ಯುತ್ತಿನಿಂದ ಗೀಸರ್ ಓಡಿಸಿ ಪಡೆಯುವುದಾದರೆ 65 ಕಿಲೋವ್ಯಾಟ್ ಫಲಕ, ಅಂದರೆ 650 ಚದರ ಮೀಟರ್ ಚಾವಣಿ ಬೇಕು. ಅದೇ ಕೆಲಸವನ್ನು ನೇರವಾಗಿ ಸೋಲಾರ್ ವಾಟರ್ ಹೀಟರಿಗೆ ಕೊಟ್ಟರೆ 100 ಲೀಟರಿಗೆ 2 ಚದರ ಮೀಟರಿನಂತೆ 180 ಚದರ ಮೀಟರ್ ಸಂಗ್ರಾಹಕ ಸಾಕು. ಬೆಳಕನ್ನು ಮೊದಲು ವಿದ್ಯುತ್ ಮಾಡಿ, ವಿದ್ಯುತ್ತನ್ನು ಮತ್ತೆ ಶಾಖ ಮಾಡುವುದು ಸುತ್ತುಬಳಸಿನ ದಾರಿ. ಜೊತೆಗೆ ಮುಂಜಾನೆ ಬಿಸಿಲಿರುವುದಿಲ್ಲ, ಆದರೆ ನಿನ್ನೆಯ ಬಿಸಿಲು ಟ್ಯಾಂಕಿನಲ್ಲಿ ಬಿಸಿನೀರಾಗಿ ಕಾದಿರುತ್ತದೆ. ಆ ಟ್ಯಾಂಕೇ ಇಲ್ಲಿ ಅಗ್ಗದ ಬ್ಯಾಟರಿ.

ಚಳಿಯ ದೇಶದ ಒಂದು ವಿಶ್ವವಿದ್ಯಾಲಯ ಇದೇ ತತ್ವವನ್ನು ದೊಡ್ಡದಾಗಿ ಮಾಡಿ ತೋರಿಸಿದೆ. ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳನ್ನು ಬೆಚ್ಚಗಿಡಲು 4 ಹಳೆಯ ಕಲ್ಲಿದ್ದಲು ಬಾಯ್ಲರುಗಳಿದ್ದವು. 2009ರಲ್ಲಿ ಅಲ್ಲಿ ಸುಮಾರು 3,600 ಕೊಳವೆ ಬಾವಿಗಳನ್ನು ಕೊರೆಯುವ ಕೆಲಸ ಶುರುವಾಯಿತು. ಅವು ನೀರೆತ್ತಲು ಅಲ್ಲ. ಭೂಮಿಯ ಆಳದಲ್ಲಿ ಉಷ್ಣತೆ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಕೊಳವೆಗಳಲ್ಲಿ ನೀರು ಸುತ್ತಿಸಿ, ಹೀಟ್ ಪಂಪುಗಳ ಮೂಲಕ ಚಳಿಗಾಲದಲ್ಲಿ ನೆಲದ ಶಾಖವನ್ನು ಮೇಲಕ್ಕೆ ತರುತ್ತಾರೆ, ಬೇಸಿಗೆಯಲ್ಲಿ ಕಟ್ಟಡಗಳ ಶಾಖವನ್ನು ನೆಲಕ್ಕೆ ಇಳಿಸುತ್ತಾರೆ. ಕಲ್ಲಿದ್ದಲಿನ ಬಾಯ್ಲರುಗಳು ಆರಿದವು. ನಮಗೆ ಅಂಥ ಚಳಿಯಿಲ್ಲ, ಕೊಳವೆ ಬಾವಿಯ ನಕಲು ಬೇಕಿಲ್ಲ. ನಮಗೆ ಬೇಕಾದ ಪಾಠ ಇಷ್ಟೇ: ಅವರು ತಮ್ಮ ಕ್ಯಾಂಪಸ್ಸಿನಲ್ಲಿ ಶಕ್ತಿ ಎಲ್ಲಿ ಹೆಚ್ಚು ಖರ್ಚಾಗುತ್ತಿತ್ತೋ ಅಲ್ಲಿಗೆ ಕೈಹಾಕಿದರು.

ಮೆಸ್ಸಿನ ಮುಸುರೆಯಿಂದ ಗ್ಯಾಸ್

ಹಾಸ್ಟೆಲ್ ಮೆಸ್ಸಿನಲ್ಲಿ ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆ ದಿನವೂ ಇದ್ದೇ ಇರುತ್ತವೆ. ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಇವನ್ನು ಕೊಳೆಸಿದಾಗ ಮೀಥೇನ್ ಇರುವ ಜೈವಿಕ ಅನಿಲ ಹುಟ್ಟುತ್ತದೆ. 100 ಕಿಲೋ ಅಡುಗೆಮನೆ ತ್ಯಾಜ್ಯದಿಂದ ಸುಮಾರು 8ರಿಂದ 10 ಘನ ಮೀಟರ್ ಅನಿಲ ಸಿಗುತ್ತದೆ. ಅದು ಸುಮಾರು 4 ಕಿಲೋ ಎಲ್‌ಪಿಜಿಗೆ ಸಮ. ಅಂದರೆ 5 ದಿನಕ್ಕೆ 19 ಕಿಲೋದ ಒಂದು ಸಿಲಿಂಡರ್ ಉಳಿತಾಯ. ಉಳಿದ ಬಗ್ಗಡ ತೋಟಕ್ಕೆ ಗೊಬ್ಬರ.

ಮೆಸ್ಸಿನ ಪೂರ್ತಿ ಅಡುಗೆ ಇದರಿಂದ ಆಗುವುದಿಲ್ಲ. ಇದು ಸಾಕಿದ ಹಸುವಿನಂತೆ ದಿನವೂ ನೋಡಿಕೊಳ್ಳಬೇಕಾದ ಘಟಕ ಎಂಬುದನ್ನೂ ಮರೆಯಬಾರದು. ವಾರ್ಷಿಕೋತ್ಸವದ ಮರುದಿನ ಉಳಿದದ್ದೆಲ್ಲ ಒಮ್ಮೆಗೇ ಸುರಿದರೆ ತೊಟ್ಟಿ ಹುಳಿಯಾಗಿ ಅನಿಲ ನಿಲ್ಲುತ್ತದೆ. ಮೊಟ್ಟೆ ಚಿಪ್ಪು, ಮೂಳೆ, ರಾಶಿ ನಿಂಬೆ ಸಿಪ್ಪೆ, ಪ್ಲಾಸ್ಟಿಕ್ ಹಾಕುವಂತಿಲ್ಲ. ಬೇಸಿಗೆ ರಜೆಯಲ್ಲಿ ಮೆಸ್ಸು ಮುಚ್ಚಿದಾಗ ಅದಕ್ಕೆ ಊಟ ಹಾಕುವವರು ಯಾರು ಎಂದೂ ಮೊದಲೇ ನಿರ್ಧರಿಸಬೇಕು.

ಚಾವಣಿಯ ಮೇಲೊಂದು ಗಾಳಿಯಂತ್ರ?

ಗೇಟಿನ ಬಳಿ ತಿರುಗುವ ಪುಟ್ಟ ಗಾಳಿಯಂತ್ರ ನೋಡಲು ಚೆಂದ, ಆದರೆ ಲೆಕ್ಕ ನೋಡಿ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಯಲ್ಲಿ 2 ಮೀಟರ್ ವ್ಯಾಸದ ಯಂತ್ರದಿಂದ ಸಿಗುವುದು ಸುಮಾರು 15 ವ್ಯಾಟ್. ಒಂದು ಎಲ್‌ಇಡಿ ಬಲ್ಬಿಗೆ ಸಾಕು. ಕಟ್ಟಡಗಳ ನಡುವೆ ಗಾಳಿ ಸುಳಿಸುತ್ತಿ ಬರುವುದರಿಂದ ಯಂತ್ರದ ಆಯಸ್ಸೂ ಕಡಿಮೆಯಾಗುತ್ತದೆ. ಚಿತ್ರದುರ್ಗ, ಗದಗದ ಬೋಳು ಗುಡ್ಡಗಳ ಮೇಲೆ ದೈತ್ಯ ಯಂತ್ರಗಳಿರುವುದು ಈ ಕಾರಣಕ್ಕೇ. ಅಮೆರಿಕದ ಮಿನೆಸೋಟದ ನಾರ್ತ್‌ಫೀಲ್ಡ್ ಎಂಬ ಊರಿನಲ್ಲಿ ಕಾರ್ಲ್‌ಟನ್ ಕಾಲೇಜು 2004ರಲ್ಲಿ, ಸೇಂಟ್ ಓಲಾಫ್ ಕಾಲೇಜು 2006ರಲ್ಲಿ ತಲಾ 1.65 ಮೆಗಾವ್ಯಾಟಿನ ಗಾಳಿಯಂತ್ರ ಹಾಕಿಸಿದವು. ಎರಡನ್ನೂ ನಿಲ್ಲಿಸಿದ್ದು ಚಾವಣಿಯ ಮೇಲಲ್ಲ, ತೆರೆದ ಬಯಲಿನಲ್ಲಿ.

ಉದ್ಘಾಟನೆಯ ನಂತರ ಏನು?

ಫಲಕಗಳು ಸುಮಾರು 25 ವರ್ಷ ಬಾಳುತ್ತವೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ಆ ಹಣ ಬಜೆಟ್ಟಿನಲ್ಲಿ ಇಲ್ಲದಿದ್ದರೆ, ಚೆನ್ನಾಗಿರುವ ಫಲಕಗಳೇ ವರ್ಷಗಟ್ಟಲೆ ಸುಮ್ಮನೆ ಬಿಸಿಲು ಕಾಯುತ್ತವೆ. ಧೂಳು, ಹಕ್ಕಿಯ ಹಿಕ್ಕೆ ತೊಳೆಯಬೇಕು. ಅದನ್ನೂ ಬೆಳಗಿನ ಹೊತ್ತು ಮಾಡಬೇಕು. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು. ಹಣ ಹೂಡದೆ, ಖಾಸಗಿ ಕಂಪನಿ ಫಲಕ ಹಾಕಿ ಯೂನಿಟ್ಟಿಗೆ ಇಂತಿಷ್ಟು ಎಂದು ಪಡೆಯುವ ಒಪ್ಪಂದವೂ ಉಂಟು. ಆಗ ನಿರ್ವಹಣೆ ಅವರದ್ದು. ಆದರೆ ಒಪ್ಪಂದ ದಶಕಗಳದ್ದು. ಅಷ್ಟು ಕಾಲ ಆ ಚಾವಣಿ ಸೋರದೆ ಉಳಿಯುತ್ತದೆಯೇ, ಮೇಲೆ ಇನ್ನೊಂದು ಮಹಡಿ ಕಟ್ಟುವ ಯೋಚನೆ ಇದೆಯೇ ಎಂದು ನೋಡಿಯೇ ಸಹಿ ಹಾಕಬೇಕು.

ಕ್ಯಾಂಪಸ್ಸಿಗೆ ಒಂದು ಅನುಕೂಲವಿದೆ, ಅದು ಕಾರ್ಖಾನೆಗೂ ಇಲ್ಲ, ಮನೆಗೂ ಇಲ್ಲ. ಅಲ್ಲಿ ಕಲಿಯುವವರಿದ್ದಾರೆ. ಪ್ರತಿ ಕಟ್ಟಡಕ್ಕೂ ಪ್ರತ್ಯೇಕ ಮೀಟರ್ ಹಾಕಿ, ಗಂಟೆಗಂಟೆಯ ಬಳಕೆಯನ್ನು ವಿದ್ಯಾರ್ಥಿಗಳ ಪ್ರಾಜೆಕ್ಟ್ ಮಾಡಿದರೆ ಒಂದು ವರ್ಷದಲ್ಲಿ ಇಡೀ ಕ್ಯಾಂಪಸ್ಸಿನ ಜಾತಕ ಕೈಗೆ ಬರುತ್ತದೆ. ರಾತ್ರಿಯಿಡೀ ಉರಿಯುವ ದೀಪ, ಖಾಲಿ ಕೊಠಡಿಯ ಏಸಿ, ಸೋರುವ ಟ್ಯಾಂಕಿಗಾಗಿ ಓಡುವ ಪಂಪು ಎಲ್ಲವೂ ಅದರಲ್ಲಿ ಕಾಣುತ್ತವೆ. ಅವನ್ನು ಸರಿಪಡಿಸಿ ಉಳಿಸಿದ ಯೂನಿಟ್ಟಿಗೆ ಫಲಕವೂ ಬೇಡ, ಚಾವಣಿಯೂ ಬೇಡ.

ಹಾಗಾಗಿ ನಿಮ್ಮ ಕಾಲೇಜಿನಲ್ಲಿ ಸೋಲಾರ್ ಯೋಜನೆಯ ಮಾತು ಬಂದರೆ ಐದು ಪ್ರಶ್ನೆ ಕೇಳಿ. ಯಾವ ಹೊತ್ತಿನಲ್ಲಿ ಎಷ್ಟು ಬಳಕೆ ಎಂದು ಅಳೆದಿದ್ದೀರಾ? ಬಿಸಿನೀರು, ಅಡುಗೆಯ ಲೆಕ್ಕ ಸೇರಿದೆಯೇ? ರಜೆಯಲ್ಲಿ ಹೆಚ್ಚಾದ ವಿದ್ಯುತ್ ಏನಾಗುತ್ತದೆ? ಕರೆಂಟ್ ಹೋದಾಗ ಯಾವುದು ನಡೆಯಬೇಕು? ಹತ್ತು ವರ್ಷದ ನಂತರ ಇನ್ವರ್ಟರ್ ಬದಲಿಸುವ ಹಣ ಎಲ್ಲಿಂದ ಬರುತ್ತದೆ? ಈ ಐದಕ್ಕೂ ಉತ್ತರ ಸಿದ್ಧವಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಇಲ್ಲದಿದ್ದರೆ ಫಲಕ ಕೊಳ್ಳುವ ಮೊದಲು ಮೀಟರ್ ಕೊಳ್ಳುವುದು ಒಳ್ಳೆಯದು.