ಗೊಮ್ಮಟನ ತಲೆಯ ಮೇಲೆ 28 ಅಡಿ ನೀರು!

ಜೋಗದ ರಾಜಾ ಧುಮುಕುವುದು 253 ಮೀಟರ್. ಅದರ ನೆತ್ತಿಯ ಮೇಲೆ ದಿಲ್ಲಿಯ ಕುತುಬ್ ಮಿನಾರನ್ನು ತಂದು ನಿಲ್ಲಿಸಿ. ಇನ್ನೊಂದು 73 ಮೀಟರ್ ಸೇರಿತು. ಒಟ್ಟು 326. ಇಷ್ಟು ಮಾಡಿದರೂ ಮೇಘಾಲಯದ ನೊಹ್‌ಕಲಿಕೈ ಜಲಪಾತವನ್ನು ಸರಿಗಟ್ಟಲು 14 ಮೀಟರ್ ಸಾಲುವುದಿಲ್ಲ! ಅದರ ಎತ್ತರ 340 ಮೀಟರ್. ಅಷ್ಟೆತ್ತರದಿಂದ ಬಿಟ್ಟ ಕಲ್ಲು, ಗಾಳಿಯ ತಡೆ ಇಲ್ಲದಿದ್ದರೆ, ಎಂಟು ಚಿಲ್ಲರೆ ಸೆಕೆಂಡಿನಲ್ಲಿ ಕೆಳಗಿನ ಮಡುವನ್ನು ಮುಟ್ಟುತ್ತದೆ. ಉಸೇನ್ ಬೋಲ್ಟ್ ತನ್ನ ವಿಶ್ವದಾಖಲೆಯ 9.58 ಸೆಕೆಂಡಿನಲ್ಲಿ ಓಡಿದ್ದು ನೂರೇ ಮೀಟರ್. ನೀರಿಗೆ ಬೀಳುವ ಹೊತ್ತಿಗೆ ಆ ಕಲ್ಲಿನ ವೇಗ ಗಂಟೆಗೆ 290 ಕಿಲೋಮೀಟರ್ ದಾಟಿರುತ್ತದೆ. ನಮ್ಮ ವಂದೇ ಭಾರತ್ ರೈಲಿನ ಗರಿಷ್ಠ ಓಟ 160!

ಇದೊಂದೇ ಆಗಿದ್ದರೆ ನೋಡಿ ಬೆರಗಾಗಿ ಸುಮ್ಮನಾಗಬಹುದಿತ್ತು. ಅದು ಇರುವ ಸೋಹ್ರಾದ, ಅಂದರೆ ನಾವು ಶಾಲೆಯಲ್ಲಿ ಓದಿದ ಚಿರಾಪುಂಜಿಯ, ಆಸುಪಾಸಿನಲ್ಲೇ ಏಳು ಸೀಳಾಗಿ ಇಳಿಯುವ ‘ಸೆವೆನ್ ಸಿಸ್ಟರ್ಸ್’ 315 ಮೀಟರ್ ಇದೆ, ಕಿನ್ರೆಮ್ 305 ಮೀಟರ್ ಇದೆ. ಮೂರನ್ನೂ ಒಂದರ ಮೇಲೊಂದು ಪೇರಿಸಿದರೆ 960 ಮೀಟರ್. ಜಗತ್ತಿನ ಅತಿ ಎತ್ತರದ ಕಟ್ಟಡ ಬುರ್ಜ್ ಖಲೀಫಾ 828ಕ್ಕೇ ಮುಗಿದುಹೋಗುತ್ತದೆ. ಜೋಗದ ಗಾಂಭೀರ್ಯಕ್ಕೆ ಜೋಗವೇ ಸಾಟಿ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಮೀಟರಿನ ಲೆಕ್ಕ ಮಾತ್ರ.

ಈ ಜಲಪಾತಗಳು ಬೀಳುವ ಕಮರಿಗಳ ತಳದಲ್ಲಿ, ಬಂಡೆಗಳ ನಡುವೆ, ತಿಳಿನೀಲಿ ನೀರಿನ ಮಡುಗಳಿವೆ. ಪ್ರಕೃತಿಯೇ ತೋಡಿಟ್ಟ ಈಜುಕೊಳಗಳು. ನೊಂಗ್ರಿಯಾಟ್ ಎಂಬ ಹಳ್ಳಿಯ ಮಡುಗಳನ್ನು ತಲುಪಲು ಮೇಲಿನ ಟಿರ್ನಾ ಹಳ್ಳಿಯಿಂದ ಇಳಿಯಬೇಕಾದ ಮೆಟ್ಟಿಲು ಸುಮಾರು 3,500. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರದ ಆಸುಪಾಸು ಎಂದರೆ, ಇದು ಮೂರೂವರೆ ಚಾಮುಂಡಿ ಬೆಟ್ಟ. ಅದೂ ಹೋಗುವಾಗ ಇಳಿಜಾರು, ದಣಿದು ಬರುವಾಗ ಏರು. ಹೋಗಿಬರುವ ಲೆಕ್ಕ ಏಳು ಸಾವಿರ! ಅಲ್ಲಿನ ಜನ ಇದೇ ಮೆಟ್ಟಿಲಲ್ಲಿ ಅಕ್ಕಿ, ಸಿಮೆಂಟು ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ನಡೆಯುತ್ತಾರೆ. ನಾವು ಒಂದು ಚೀಲ ಬಟ್ಟೆಗೇ ಏದುಸಿರು ಬಿಡುತ್ತೇವೆ.

ಇಳಿದವರಿಗೆ ಸಿಗುವುದು ಬೇರಿನ ಸೇತುವೆ. ಎರಡು ಅಂತಸ್ತಿನದು, ಜೀವಂತ. ರಬ್ಬರ್ ಜಾತಿಯ ಆಲದ ಬೇರುಗಳನ್ನು ಹಳ್ಳದ ಆಚೆ ದಡಕ್ಕೆ ಹಾಯಿಸಿ ಬೆಳೆಸಿದ ಇಂಥ ಸೇತುವೆ ನಡೆಯುವಷ್ಟು ಗಟ್ಟಿಯಾಗಲು 15ರಿಂದ 30 ವರ್ಷ ಬೇಕು. ಅಜ್ಜ ಬೇರು ಹಾಯಿಸಿದರೆ ಮೊಮ್ಮಗಳು ದಾಟುತ್ತಾಳೆ. ಆಮೇಲೆ ಅದು ನೂರಾರು ವರ್ಷ ಬಾಳುತ್ತದೆ, ಬಾಳಿದಷ್ಟೂ ಬಲಿಯುತ್ತದೆ. ಇಂಥವುಗಳಲ್ಲಿ ಅತಿ ಉದ್ದದ್ದು ರಂಗ್‌ಥಿಲ್ಲಿಯಾಂಗ್‌ನಲ್ಲಿದೆ: 50 ಮೀಟರಿಗೂ ಹೆಚ್ಚು. ನಮ್ಮ ನಾಲ್ಕು ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ, ಒಂದು ಮೊಳೆಯೂ ಇಲ್ಲದೆ!

ಈ ಜಲಪಾತ, ಮಡು, ಕಮರಿ ಎಲ್ಲದರ ಹಿಂದಿರುವುದು ಮಳೆ. ಲೆಕ್ಕಗಳು ನಿಜವಾಗಿ ದಿಗಿಲು ಹುಟ್ಟಿಸುವುದು ಇಲ್ಲಿಂದ. ಸೋಹ್ರಾದ ಸರಾಸರಿ ಮಳೆ ವರ್ಷಕ್ಕೆ 11,777 ಮಿಲಿಮೀಟರ್. ಬೆಂಗಳೂರಿನದು ಸುಮಾರು ಒಂದು ಸಾವಿರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹಾಗಾದರೆ ಬೆಂಗಳೂರಿನ ಒಂದು 30–40 ಸೈಟನ್ನು ಎತ್ತಿ ಸೋಹ್ರಾದಲ್ಲಿಟ್ಟರೆ ಅದರ ಮೇಲೆ ವರ್ಷಕ್ಕೆ ಸುರಿಯುವ ನೀರು 13 ಲಕ್ಷ ಲೀಟರಿಗೂ ಹೆಚ್ಚು. 12,000 ಲೀಟರಿನ ಟ್ಯಾಂಕರುಗಳಲ್ಲಿ ಹೇಳುವುದಾದರೆ 109 ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಬೆಳಗಿನಿಂದ ಫೋನು ಹಿಡಿದು ಕೂತವರಿಗೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ. ಒಂದು ಫುಟ್‌ಬಾಲ್ ಮೈದಾನವನ್ನಿಟ್ಟರೆ? 33 ಒಲಿಂಪಿಕ್ ಈಜುಕೊಳ ತುಂಬಿ ಮಿಕ್ಕುತ್ತದೆ. ಇದು ಮಾಮೂಲಿ ವರ್ಷದ ಲೆಕ್ಕ. ನೆಟ್ಟಗೆ ಹದಿನೈದು ಕಿಲೋಮೀಟರ್ ದೂರದ ಮಾವ್‌ಸಿನ್‌ರಾಮ್ ಇನ್ನೂ ಸ್ವಲ್ಪ ಹೆಚ್ಚು ತೋಯುತ್ತದೆ: 11,871. ಐವತ್ತು ಕಿಲೋಮೀಟರ್ ಆಚೆಯ ಶಿಲ್ಲಾಂಗಿಗೆ ಮಾತ್ರ ಇದರ ಐದನೇ ಒಂದು ಪಾಲೂ ಇಲ್ಲ!

ಈಗ ಒಂದೊಂದು ದಿನದ ಆರ್ಭಟ ಕೇಳಿ. 2022ರ ಜೂನ್ 17ಕ್ಕೆ ಕೊನೆಗೊಂಡ 24 ಗಂಟೆಗಳಲ್ಲಿ ಮಾವ್‌ಸಿನ್‌ರಾಮ್‌ನಲ್ಲಿ 1,003 ಮಿಲಿಮೀಟರ್. ಬೆಂಗಳೂರಿನ ಇಡೀ ವರ್ಷ ಒಂದೇ ದಿನದಲ್ಲಿ ಬಿದ್ದು ಮುಗಿಯಿತು. 1995ರ ಜೂನ್ 16ರಂದು ಸೋಹ್ರಾದಲ್ಲಿ 1,563. ಅಂದರೆ ಐದಡಿ ಒಂದು ಅಂಗುಲ. ನೀರು ಹರಿದುಹೋಗದೆ ನಿಂತಿದ್ದರೆ ಐದಡಿ ಎತ್ತರದವರು ಮುಳುಗುತ್ತಿದ್ದರು. ಅದೇ ಜೂನ್ 15, 16 ಎರಡನ್ನೂ ಕೂಡಿಸಿದರೆ 2,493: ಎಂಟು ಅಡಿ, ಮನೆಯ ಬಾಗಿಲ ಚೌಕಟ್ಟು ದಾಟುವ ನೀರು! ಎರಡು ದಿನದ ಮಳೆಯಲ್ಲಿ ಇಂದಿಗೂ ಅದೇ ವಿಶ್ವದಾಖಲೆ.

ಒಂದು ತಿಂಗಳಿಗೆ ಬನ್ನಿ. 1861ರ ಜುಲೈನಲ್ಲಿ ಸೋಹ್ರಾದಲ್ಲಿ ಬಿದ್ದದ್ದು 9,300 ಮಿಲಿಮೀಟರ್. ನಮ್ಮ ಆಗುಂಬೆ ವರ್ಷವಿಡೀ ಜಡಿಮಳೆಯಲ್ಲಿ ನೆಂದು ಸಂಪಾದಿಸುವುದು 7,600ರ ಆಸುಪಾಸು. ಆಗುಂಬೆಯ ಹನ್ನೆರಡು ತಿಂಗಳನ್ನು ಸೋಹ್ರಾದ ಒಂದೇ ಜುಲೈ ಹಿಂದೆ ಹಾಕಿತು.

ಇನ್ನು ಆ ಮಹಾವರ್ಷ. 1860ರ ಆಗಸ್ಟಿನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಸೋಹ್ರಾದಲ್ಲಿ 26,470 ಮಿಲಿಮೀಟರ್. ಭೂಮಿಯ ಮೇಲೆ ಇನ್ನೆಲ್ಲೂ, ಇನ್ನೆಂದೂ ಇಷ್ಟು ದಾಖಲಾಗಿಲ್ಲ. ಅಡಿಗಳಲ್ಲಿ ಹೇಳಿದರೆ 86 ದಾಟುತ್ತದೆ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಆ ಮಳೆ ನಿಂತಲ್ಲೇ ನಿಂತಿದ್ದರೆ ಗೊಮ್ಮಟನ ತಲೆಯ ಮೇಲೂ 28 ಅಡಿಗೂ ಹೆಚ್ಚು ನೀರು! ಬೆಂಗಳೂರು ಅಷ್ಟು ಮಳೆ ಕಾಣಲು 26 ವರ್ಷ ಕಾಯಬೇಕು.

ಈ ನೀರು ನೆಲದ ಒಳಗೂ ಸುಮ್ಮನಿಲ್ಲ. ಮಾವ್‌ಸಿನ್‌ರಾಮ್ ಬಳಿಯ ಕ್ರೆಮ್ ಪುರಿ ಗುಹೆ ಜಗತ್ತಿನ ಅತಿ ಉದ್ದದ ಮರಳುಗಲ್ಲಿನ ಗುಹೆ: ಇಪ್ಪತ್ತನಾಲ್ಕೂವರೆ ಕಿಲೋಮೀಟರ್. ಮೈಸೂರಿನಲ್ಲಿ ನೆಲದೊಳಗೆ ಇಳಿದು ನಂಜನಗೂಡಿನಲ್ಲಿ ಮೇಲೆ ಬಂದಷ್ಟು. ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾತ್ ಪ್ರಾ 30 ಕಿಲೋಮೀಟರನ್ನೂ ದಾಟುತ್ತದೆ.

ಎಲ್ಲಕ್ಕಿಂತ ಬೆರಗಿನ ಸಂಖ್ಯೆ ಮಾತ್ರ ಸೋಹ್ರಾದ ಪಕ್ಕದ ಮಾವ್‌ಮ್ಲು ಗುಹೆಯಲ್ಲಿ ಸಿಕ್ಕಿತು. ಹನಿ ಹನಿ ನೀರಿನಿಂದ ಅಲ್ಲಿ ಬೆಳೆದ ಒಂದು ಕಲ್ಲಿನ ಪದರಗಳನ್ನು ಓದಿ, 2018ರಲ್ಲಿ ಭೂವಿಜ್ಞಾನಿಗಳು ಭೂಮಿಯ ಇತಿಹಾಸದ ಒಂದು ಅಧ್ಯಾಯಕ್ಕೇ ‘ಮೇಘಾಲಯನ್’ ಎಂದು ಹೆಸರಿಟ್ಟರು. ಅದು ಶುರುವಾದದ್ದು 4,200 ವರ್ಷಗಳ ಹಿಂದೆ, ಇನ್ನೂ ಮುಗಿದಿಲ್ಲ. ಹಲ್ಮಿಡಿ ಶಾಸನದಿಂದ ಇಂದಿನವರೆಗಿನ ಕನ್ನಡ ಬರಹದ ಚರಿತ್ರೆಯನ್ನು ಅದರೊಳಗೆ ಎರಡೂವರೆ ಸಲ ಇಡಬಹುದು. ಕದಂಬರು, ಹೊಯ್ಸಳರು, ವಿಜಯನಗರ, ನೀವು, ನಾನು, ಎಲ್ಲರೂ ಮೇಘಾಲಯನ್ನರೇ! ಆ ಕಲ್ಲು ದಾಖಲಿಸಿದ್ದೇನು ಗೊತ್ತೆ? ಮಳೆಯನ್ನಲ್ಲ. ಮುಂಗಾರು ಸೊರಗಿದ ದೀರ್ಘ ಬರಗಾಲವನ್ನು. ಜಗತ್ತಿನ ಅತಿ ಮಳೆಯ ನಾಡಿನ ಕಲ್ಲು ಬರದ ಸಾಕ್ಷಿ ಹೇಳಿತು.

ಬರ ಅಲ್ಲಿ ಇಂದಿಗೂ ಹೊಸದಲ್ಲ. ವರ್ಷದ ಸುಮಾರು ಅರ್ಧ ಮಳೆ ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿದು ಬಾಂಗ್ಲಾದೇಶದ ಬಯಲಿಗೆ ಇಳಿದುಹೋಗುತ್ತದೆ. ಚಳಿಗಾಲದಲ್ಲಿ ಸೋಹ್ರಾದ ಹೆಂಗಸರು ಕುಡಿಯುವ ನೀರಿಗಾಗಿ ದೂರ ನಡೆಯುತ್ತಾರೆ. ಈಜಲು ಮಡುಗಳು ತಿಳಿಯಾಗಿರುವುದೂ ಆಗಲೇ, ನವೆಂಬರಿನಿಂದ ಫೆಬ್ರುವರಿವರೆಗೆ. ಆಗ ಹೋಗಿ, ಮನಸಾರೆ ಈಜಿ. ಮಳೆಗಾಲದಲ್ಲಿ ಹೋದರೆ ದೂರದಿಂದ ನೋಡಿ, ಮಡುವಿಗೆ ಇಳಿಯಲೇಬೇಡಿ. ತಂಗಿದ ಮನೆಯಲ್ಲಿ ಸ್ನಾನಕ್ಕೆ ಒಂದೇ ಬಕೆಟ್ ನೀರು ಸಾಕು ಎನ್ನಿ. ಅದನ್ನು ಯಾರೋ ಬೆಟ್ಟ ಹತ್ತಿ ಹೊತ್ತು ತಂದಿರುತ್ತಾರೆ.