ಗೂಬೆಯ ಚಿತ್ರ ತೆಗೆಯುವ ಬಗೆ

ಗೂಬೆಗೆ ಸಂಸ್ಕೃತ ನಿಘಂಟುಕಾರರು ಕೊಟ್ಟಿರುವ ಹೆಸರುಗಳು ಹಲವು. ಹಗಲು ಕಣ್ಣು ಕಾಣದ್ದೆಂದು ‘ದಿವಾಂಧ’, ಹಗಲಿಗೆ ಅಂಜುವುದೆಂದು ‘ದಿವಾಭೀತ’, ಕಾಗೆಗೆ ಹಗೆಯೆಂದು ‘ವಾಯಸಾರಾತಿ’, ಇರುಳು ಸಂಚರಿಸುವುದೆಂದು ‘ನಿಶಾಟನ’. ಇವುಗಳಲ್ಲಿ ಮೊದಲನೆಯದು ತಪ್ಪು, ಉಳಿದ ಮೂರೂ ನಿಜ. ಕ್ಯಾಮರಾ ಹಿಡಿದು ಗೂಬೆಯನ್ನು ಅರಸಹೊರಡುವವರು ಈ ನಾಲ್ಕು ಹೆಸರುಗಳನ್ನು ಸರಿಯಾಗಿ ತಿಳಿದರೆ ಅರ್ಧ ಕೆಲಸ ಮುಗಿದಂತೆಯೇ.

ಗೂಬೆ ಹಗಲುಕುರುಡಲ್ಲ. ಬಿಸಿಲಿನಲ್ಲಿ ಅದರ ಕಣ್ಣಿನ ಪಾಪೆ ಕಿರಿದಾಗಿ, ಬೇಕಾದಷ್ಟೇ ಬೆಳಕನ್ನು ಒಳಕ್ಕೆ ಬಿಡುತ್ತದೆ. ನೀವು ಅದನ್ನು ಕಾಣುವ ಮೊದಲೇ ಅದು ನಿಮ್ಮನ್ನು ಕಂಡಿರುವುದುಂಟು. ಅದರ ಕಣ್ಣುಗಳು ಕೊಳವೆಯಾಕಾರದವು, ನಮ್ಮವುಗಳಂತೆ ಗುಳಿಯಲ್ಲಿ ಹೊರಳಲಾರವು. ಆ ಕೊರತೆಯನ್ನು ಕತ್ತು ತುಂಬಿಕೊಡುತ್ತದೆ. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಗೂಬೆಯ ಕತ್ತಿನಲ್ಲಿ 14 ಉಂಟು. ತಲೆಯನ್ನು ಒಂದು ಕಡೆಗೆ ಸುಮಾರು 270 ಡಿಗ್ರಿಗಳವರೆಗೆ ತಿರುಗಿಸಬಲ್ಲುದು. ಆದುದರಿಂದ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಹೋದರೆ ತಿಳಿಯದೆಂದು ಭಾವಿಸಬೇಡಿ.

ಇದಕ್ಕಾಗಿ ದೂರದ ಕಾಡಿಗೆ ಹೋಗಬೇಕಾದುದಿಲ್ಲ. ಮೀನುಗೂಬೆಗೆ ಹೊಳೆಯ ಬದಿಯ ಹೆಮ್ಮರಗಳು ಬೇಕು, ಕೊಂಬಿನ ಗೂಬೆಗೆ ಬಂಡೆಗಳ ಗುಡ್ಡ ಬೇಕು. ಆದರೆ ಕಣಜದ ಗೂಬೆ ಪಟ್ಟಣದ ಹಳೆಯ ಕಟ್ಟಡಗಳಲ್ಲಿಯೇ ಬೀಡುಬಿಟ್ಟು ಇಲಿ ಹಿಡಿಯುತ್ತದೆ. ಸುಮಾರು 21 ಸೆಂಟಿಮೀಟರ್ ಉದ್ದದ ಪುಟ್ಟ ಹಾಲಕ್ಕಿಯಂತೂ ನಿಮ್ಮ ಬೀದಿಯ ಮಾವು, ಹುಣಿಸೆ, ಆಲಗಳ ಪೊಟರೆಯಲ್ಲಿಯೇ ಇರಬಹುದು. ಮರದ ಬುಡದಲ್ಲಿ ಬಿಳಿಯ ಹಿಕ್ಕೆಯೂ, ಎಲುಬು ಕೂದಲುಗಳು ಸೇರಿದ ಒಣ ಉಂಡೆಗಳೂ ಬಿದ್ದಿದ್ದರೆ ಮೇಲೆ ನೋಡಿ. ಅರಗದುದನ್ನು ಗೂಬೆ ಹಾಗೆ ಉಂಡೆಕಟ್ಟಿ ಉಗುಳುತ್ತದೆ.

ಜಾಗ ಗೊತ್ತಾದ ಮೇಲೆ ಮೂರು ನಾಲ್ಕು ದಿನ ಕ್ಯಾಮರಾ ಇಲ್ಲದೆಯೇ ಹೋಗಿ, ದೂರದಿಂದ ನೋಡಿ. ಹಾಲಕ್ಕಿ ಎಳೆಬಿಸಿಲು ಕಾಯಲು ಪೊಟರೆಯ ಬಾಯಿಗೆ ಬಂದು ಕೂರುವುದುಂಟು. ಚಿತ್ರಕ್ಕೆ ಅದೇ ಸುಮುಹೂರ್ತ. 400 ಮಿಲಿಮೀಟರಿನ ಲೆನ್ಸು, ಅಲುಗದ ಮುಕ್ಕಾಲಿ ಸ್ಟ್ಯಾಂಡು, ಮಾಸಲು ಬಣ್ಣದ ಉಡುಪು ಇದ್ದರೆ ಸಾಕು. ರಸ್ತೆಬದಿಯಲ್ಲಿ ನಿಲ್ಲಿಸಿದ ಕಾರಿಗಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಮನುಷ್ಯಾಕೃತಿಗೆ ಬೆದರುವ ಹಕ್ಕಿ ವಾಹನಕ್ಕೆ ಅಷ್ಟಾಗಿ ಬೆದರದು.

ಇನ್ನು ‘ದಿವಾಭೀತ’ದ ಮಾತು. ನೆಮ್ಮದಿಯಿಂದಿರುವ ಗೂಬೆ ಗರಿಗಳನ್ನು ಸಡಿಲಬಿಟ್ಟು, ಕಣ್ಣು ಅರೆಮುಚ್ಚಿ ಕೂತಿರುತ್ತದೆ. ಮೈಯನ್ನು ಬಿಗಿಹಿಡಿದು ಸಪೂರವಾಗಿ ನೆಟ್ಟಗಾದರೆ, ಕಣ್ಣರಳಿಸಿ ನಿಮ್ಮನ್ನೇ ದಿಟ್ಟಿಸುತ್ತ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ, ಅದಕ್ಕೆ ಅಂಜಿಕೆಯಾಗಿದೆ ಎಂದು ತಿಳಿಯಿರಿ. ಎಷ್ಟೋ ಮಂದಿ ಇದನ್ನೇ ಚೆಲುವಾದ ಭಂಗಿಯೆಂದು ಇನ್ನೂ ಮುಂದೆ ಹೋಗುತ್ತಾರೆ. ಆಗ ನೀವು ಹಿಂದೆ ಸರಿಯಬೇಕು. ಏಕೆಂದರೆ ಹಗಲಿನಲ್ಲಿ ಮರೆಯಿಂದ ಹೊರಬಿದ್ದ ಗೂಬೆ ‘ವಾಯಸಾರಾತಿ’ಯಾಗುತ್ತದೆ. ಕಾಗೆ, ಕಾಜಾಣಗಳು ಗುಂಪುಗೂಡಿ ಅದನ್ನು ಅಟ್ಟಾಡಿಸಿ ಕುಕ್ಕುತ್ತವೆ. ನಿಮಗೊಂದು ಚಿತ್ರ, ಅದಕ್ಕೆ ದಿನವಿಡೀ ಗೋಳು.

‘ನಿಶಾಟನ’ನನ್ನು ಇರುಳಿನಲ್ಲಿ ಬೆನ್ನಟ್ಟುವುದೂ ತರವಲ್ಲ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಏಕಾಏಕಿ ಫ್ಲ್ಯಾಶಿನ ಬೆಳಕು ಬಿದ್ದರೆ ಅದು ಮಂಕಾಗಿಬಿಡುತ್ತದೆ. ಬೇಟೆಯ ಹೊತ್ತು ಹಾಳಾಗುತ್ತದೆ. ಇಂದಿನ ಡಿಜಿಟಲ್ ಕ್ಯಾಮರಾಗಳು ಸಂಜೆಯ ಮಬ್ಬಿನಲ್ಲಿಯೂ ಚಿತ್ರ ಕೊಡಬಲ್ಲವು. ಅಷ್ಟಕ್ಕೆ ತೃಪ್ತರಾಗೋಣ. ಮುದ್ರಿಸಿದ ಕೂಗನ್ನು ಕೇಳಿಸಿ ಕರೆಯುವುದು, ಇಲಿಯನ್ನು ಕಟ್ಟಿ ಆಸೆ ತೋರಿಸುವುದು, ಅಡ್ಡಬಂದ ಕೊಂಬೆಯನ್ನು ಕಡಿಯುವುದು, ಇವೆಲ್ಲ ಬೇಡವೇ ಬೇಡ.

ಗೂಡಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು. ಎರಿಕ್ ಹಾಸ್ಕಿಂಗ್ ಎಂಬ ಹೆಸರಾಂತ ಆಂಗ್ಲ ಛಾಯಾಗ್ರಾಹಕರು 1937ರಲ್ಲಿ ವೇಲ್ಸ್ ನಾಡಿನಲ್ಲಿ ಗೂಬೆಯ ಗೂಡಿನ ಬಳಿ ಚಿತ್ರ ತೆಗೆಯಲು ಹೋದಾಗ, ಆ ಹಕ್ಕಿ ಕತ್ತಲೆಯಲ್ಲಿ ಎರಗಿ ಅವರ ಎಡಗಣ್ಣನ್ನೇ ತೆಗೆಯಿತು. ರೆಕ್ಕೆಯ ಸದ್ದೇ ಇಲ್ಲದ ಹಕ್ಕಿಯಾದುದರಿಂದ ಮುನ್ಸೂಚನೆಯೂ ಇರಲಿಲ್ಲ. ಒಂದೇ ಕಣ್ಣಿನಿಂದ ಅವರು ಹಲವು ದಶಕ ದುಡಿದರು. 1948ರಲ್ಲಿ ತೆಗೆದ ಕಣಜದ ಗೂಬೆಯ ಚಿತ್ರ ಜಗತ್ಪ್ರಸಿದ್ಧವಾಯಿತು. ಆ ಸಾಹಸವನ್ನು ಮೆಚ್ಚಬಹುದು, ಅನುಕರಿಸಬೇಕಾಗಿಲ್ಲ. ಅವರ ದೇಶದಲ್ಲಿಯೇ 1981ರ ಕಾಯಿದೆಯ ಪ್ರಕಾರ ಗೂಡಿನಲ್ಲಿರುವ ಕಣಜದ ಗೂಬೆಗೆ ಅನುಮತಿಯಿಲ್ಲದೆ ತೊಂದರೆ ಕೊಡುವುದು ಅಪರಾಧ. ತಾಯಿ ಬೆದರಿ ಹೊರಗುಳಿದರೆ ಮೊಟ್ಟೆ ಕೆಡುತ್ತದೆ, ಮರಿ ಹಸಿಯುತ್ತದೆ. ನಮ್ಮಲ್ಲಿ ಹಾಲಕ್ಕಿ ನವೆಂಬರಿನಿಂದ ಏಪ್ರಿಲಿನವರೆಗೆ ಮರಿಮಾಡುವುದುಂಟು. ಆ ತಿಂಗಳುಗಳಲ್ಲಿ ಪೊಟರೆಯಿಂದ ದೂರವಿರುವುದೇ ಲೇಸು.

ಕೊನೆಯದಾಗಿ ಒಂದು ಮಾತು. ಗೂಬೆಯನ್ನು ಅಪಶಕುನವೆಂದು ಕಲ್ಲೆಸೆಯುವವರು ಒಂದೆಡೆಯಾದರೆ, ಲಕ್ಷ್ಮಿಯ ವಾಹನವೆಂದು ದೀಪಾವಳಿಯ ವೇಳೆಗೆ ನಿಧಿಯ ಆಸೆಯಿಂದ ಬಲಿಗಾಗಿ ಹಿಡಿಯುವವರು ಇನ್ನೊಂದೆಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ನಿಷೇಧಿಸಿದೆ. ಆದರೂ ಗುಟ್ಟಿನ ವ್ಯಾಪಾರ ನಿಂತಿಲ್ಲ. ಆದುದರಿಂದ ನಿಮ್ಮ ಚಿತ್ರವನ್ನು ನಾಲ್ಕು ಜನರಿಗೆ ತೋರಿಸಿ ಸಂತೋಷಪಡಿ, ಆದರೆ ಮರ ಯಾವುದು, ಊರಿನ ಯಾವ ಮೂಲೆ ಎಂಬುದನ್ನು ಹೇಳಬೇಡಿ. ಮೊಬೈಲಿನ ಚಿತ್ರದೊಳಗೆ ಸ್ಥಳದ ಗುರುತೂ ಅಡಗಿರಬಹುದು, ಹಂಚುವ ಮುನ್ನ ಅದನ್ನು ಅಳಿಸಿ. ನೀವು ಬಂದು ಹೋದುದು ಗೂಬೆಗೆ ತಿಳಿಯದಿದ್ದರೆ ಚಿತ್ರ ಚೆನ್ನಾಗಿ ಬಂದಿತೆಂದೇ ಅರ್ಥ.