ಕಾಲ್ಚೆಂಡಿನ ಭವಿಷ್ಯವಾದಿಗಳು

ಕಾಲ್ಚೆಂಡಿನ ಪಂದ್ಯವು ಆರಂಭವಾಗುವುದಕ್ಕೆ ಮೊದಲೇ ಅದರ ಫಲವನ್ನು ಹೇಳಿಬಿಡುವ ಉತ್ಸಾಹವು ಅಭಿಮಾನಿಗಳಾದವರೆಲ್ಲರಿಗೂ ಸಹಜವಾದುದು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿಯಂಗಿ ತೊಟ್ಟು ನಿಲ್ಲುವ ಬೆಂಗಳೂರು ಎಫ್.ಸಿ. ತಂಡದ ಬೆಂಬಲಿಗರನ್ನು ವಿಚಾರಿಸಿದರೆ, ಒಬ್ಬರು ‘ಎರಡು-ಸೊನ್ನೆ’ ಎನ್ನುವರು, ಮತ್ತೊಬ್ಬರು ‘ಮೂರು-ಒಂದು’ ಎನ್ನುವರು. ನಮ್ಮ ತಂಡವು ಸೋಲುವುದೆಂದು ನುಡಿಯುವವರು ಬಲು ವಿರಳ. ಇದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಆದರೆ ಇಂತಹ ಭವಿಷ್ಯಕ್ಕೆ ಆಧಾರವಾವುದು, ಅದರಿಂದಾಗುವ ಪ್ರಯೋಜನವಾವುದು ಎಂಬುದನ್ನು ವಿಮರ್ಶಿಸುವುದು ಅವಶ್ಯವಾಗಿದೆ.

ಕಾಲ್ಚೆಂಡಿನ ಫಲವನ್ನು ಮುಂಗಾಣುವುದು ಕಠಿಣವಾಗಿರುವುದಕ್ಕೆ ಕಾರಣವು ಸ್ಪಷ್ಟ. ಕ್ರಿಕೆಟ್ಟಿನಲ್ಲಿ ನೂರಾರು ಓಟಗಳು ಸೇರಿ ಲೆಕ್ಕವಾಗುವುದರಿಂದ, ಬಲಶಾಲಿಯಾದ ತಂಡಕ್ಕೆ ತನ್ನ ಒಂದು ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶವು ಹೇರಳವಾಗಿ ದೊರೆಯುತ್ತದೆ. ಕಾಲ್ಚೆಂಡಿನಲ್ಲಾದರೋ ತೊಂಬತ್ತು ನಿಮಿಷಗಳಲ್ಲಿ ಆಗುವ ಗೋಲುಗಳು ಸಾಮಾನ್ಯವಾಗಿ ಎರಡೋ ಮೂರೋ. ಚೆಂಡು ಬಹುಹೊತ್ತು ಒಂದೇ ಪಕ್ಷದ ವಶದಲ್ಲಿದ್ದರೂ, ಎದುರಾಳಿಗೆ ದೊರೆತ ಒಂದು ಕಾರ್ನರಿನಿಂದ ಪಂದ್ಯವು ಕೈತಪ್ಪಿ ಹೋಗಬಹುದು. ಆದುದರಿಂದ ಯಾವ ತಂಡವು ಮೇಲೆಂದು ಹೇಳುವುದು ಸುಲಭ. ಈ ದಿನ ಯಾವುದು ಗೆಲ್ಲುವುದೆಂದು ಹೇಳುವುದು ಕಷ್ಟ. ಎಷ್ಟು ಗೋಲುಗಳಿಂದ ಎಂಬುದಂತೂ ಬಹುಮಟ್ಟಿಗೆ ಅದೃಷ್ಟದ ಮಾತು.

2018ನೆಯ ಇಸವಿಯ ಮಾರ್ಚ್ 17ರಂದು ಬೆಂಗಳೂರಿನವರು ಈ ಪಾಠವನ್ನು ಕಲಿಯಬೇಕಾಯಿತು. ಇಂಡಿಯನ್ ಸೂಪರ್ ಲೀಗನ್ನು ಆ ಸಲವೇ ಮೊದಲು ಪ್ರವೇಶಿಸಿದ್ದ ನಮ್ಮ ತಂಡವು 40 ಅಂಕಗಳನ್ನು ಗಳಿಸಿ, ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕಿಂತ 8 ಅಂಕಗಳಷ್ಟು ಮುಂದಿತ್ತು. ಅಂತಿಮ ಪಂದ್ಯವು ಅದೇ ಚೆನ್ನೈಯಿನ್ ತಂಡದ ಮೇಲೆ, ನಮ್ಮ ಕಂಠೀರವದಲ್ಲಿಯೇ. ಲೆಕ್ಕ ಹಾಕುವವರಿಗೆ ಇದಕ್ಕಿಂತ ಹೆಚ್ಚಿನ ಆಧಾರವೇನು ಬೇಕು? 9ನೆಯ ನಿಮಿಷದಲ್ಲಿ ನಾಯಕ ಸುನಿಲ್ ಛೇತ್ರಿಯವರು ಮುಂದಕ್ಕೆ ಎರಗಿ ತಲೆಯಿಂದ ಗೋಲು ಹೊಡೆದಾಗ ಭವಿಷ್ಯವು ಫಲಿಸಿತೆಂದೇ ತೋರಿತು. ಆದರೆ ಚೆನ್ನೈಯಿನ್ ಪಕ್ಷದ ಬ್ಯಾಕ್ ಆಟಗಾರ ಮೈಲ್ಸನ್ ಆಲ್ವೆಸ್ ಅವರು ವಿರಾಮಕ್ಕೆ ಮುನ್ನವೇ ಎರಡು ಸಲ, ಎರಡೂ ಕಾರ್ನರಿನಿಂದ ಬಂದ ಚೆಂಡಿಗೆ ತಲೆಯೊಡ್ಡಿ, ಗೋಲು ಗಳಿಸಿದರು. ಕೊನೆಗೆ 2-3ರಿಂದ ನಮ್ಮ ತಂಡವು ಸೋತಿತು.

ಮರುವರ್ಷ ಅದೇ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದೊಡನೆ ಅಂತಿಮ ಪಂದ್ಯ. ಗೋವಾದವರು ಗೋಲು ಹೊಡೆಯುವುದರಲ್ಲಿ ಹೆಸರಾದವರು. ಗೋಲುಗಳ ಮಳೆಯನ್ನೇ ನಿರೀಕ್ಷಿಸಿದವರಿಗೆ ತೊಂಬತ್ತು ನಿಮಿಷಗಳಲ್ಲಿ ಒಂದೂ ಕಾಣಲಿಲ್ಲ. ಹೆಚ್ಚುವರಿ ವೇಳೆಯಲ್ಲಿ ಗೋವಾ ಪಕ್ಷವು ಹತ್ತು ಮಂದಿಗೆ ಇಳಿಯಿತು. 117ನೆಯ ನಿಮಿಷದಲ್ಲಿ ದಿಮಾಸ್ ದೆಲ್ಗಾದೊ ಅವರ ಕಾರ್ನರಿಗೆ ರಾಹುಲ್ ಭೇಕೆಯವರು ತಲೆಕೊಟ್ಟರು. ಒಂದೇ ಗೋಲಿನಿಂದ ಬೆಂಗಳೂರಿಗೆ ಪ್ರಶಸ್ತಿಯು ದಕ್ಕಿತು. ಹಿಂದಿನ ವರ್ಷ ಯಾವ ಬಾಗಿಲಿನಿಂದ ಸೋಲು ಒಳಬಂದಿತ್ತೋ ಅದೇ ಬಾಗಿಲಿನಿಂದ ಗೆಲವೂ ಬಂದಿತು.

ಈ ಎರಡು ಪಂದ್ಯಗಳನ್ನು ಒಟ್ಟಿಗೆ ನೋಡಿದವರಿಗೆ ಒಂದು ಸಂಗತಿಯು ಹೊಳೆಯದಿರದು. ‘2-3’, ‘1-0’ ಎಂಬ ಸಂಖ್ಯೆಗಳನ್ನು ಮುಂಚಿತವಾಗಿ ಯಾರೂ ಬಲ್ಲವರಲ್ಲ. ಆದರೆ ಕಾರ್ನರಿನ ಚೆಂಡು ಬರುವಾಗ ಎತ್ತರದ ಎದುರಾಳಿಯನ್ನು ಕಾಯುವವರು ಯಾರು, ಹತ್ತಿರದ ಕಂಬದ ಬಳಿ ನಿಲ್ಲುವವರು ಯಾರು, ಗೋಲ್‌ಕೀಪರ್ ಮುಂದೆ ಬರಬೇಕೆ ಬೇಡವೆ ಎಂಬ ಪ್ರಶ್ನೆಗಳನ್ನು ಪಂದ್ಯಕ್ಕೆ ಮೊದಲೇ ಕೇಳಬಹುದು, ಕೇಳಲೂ ಬೇಕು. ಇಂತಹ ಪ್ರಶ್ನೆಗಳಿಂದ ಹುಟ್ಟಿದ ಭವಿಷ್ಯವು ಸುಳ್ಳಾದರೂ ಹೇಳಿದವನಿಗೆ ಆಟದ ಮರ್ಮವನ್ನು ಕಲಿಸುತ್ತದೆ. ಬರಿಯ ಆಸೆಯಿಂದ ಹುಟ್ಟಿದ್ದು ನಿಜವಾದರೂ ಅವನಿಗೆ ಏನನ್ನೂ ಕಲಿಸದು.

ಸಂಖ್ಯೆಯು ಮರೆಮಾಡುವುದೂ ಬಹಳ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿಗೆ 1-2ರಿಂದ ಸೋತಿತೆಂದು ದಾಖಲೆಯು ಹೇಳುತ್ತದೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರೆಂಬುದನ್ನೂ, ಎರಡು ಪೆನಾಲ್ಟಿಗಳು ಗೋಲಾಗದೆ ಹೋದುವೆಂಬುದನ್ನೂ, ಸ್ವತಂತ್ರ ಭಾರತದ ಆ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್ ಅವರೆಂಬುದನ್ನೂ ಆ ಎರಡು ಅಂಕಿಗಳು ತಿಳಿಸುವುದಿಲ್ಲ. 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ಮೈಸೂರಿನ ನಂತರ, ಅದು ಮತ್ತೆ ಕರ್ನಾಟಕಕ್ಕೆ ದೊರೆತದ್ದು 2023ರ ಮಾರ್ಚಿನಲ್ಲಿ, ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವಣ ಐವತ್ತನಾಲ್ಕು ವರ್ಷಗಳಲ್ಲಿ ಪ್ರತಿ ಸಲವೂ ಗೆಲವನ್ನೇ ನುಡಿದು ನಿರಾಶರಾದವರು ಎಷ್ಟು ಮಂದಿಯೋ! ಆದರೂ ಮೈದಾನಕ್ಕೆ ಬಂದವರಿದ್ದುದರಿಂದಲೇ ಇಲ್ಲಿ ಆಟವು ಉಳಿದುಕೊಂಡಿತು.

ಅಭಿಮಾನಿ ಮಿತ್ರರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಪಂದ್ಯದ ಫಲವನ್ನು ಧಾರಾಳವಾಗಿ ಹೇಳಿರಿ, ಅದರೊಡನೆ ಕಾರಣವನ್ನೂ ಹೇಳಿರಿ. ಹೇಳಿದ ಮಾತಿನ ಮೇಲೆ ಹಣ ಕಟ್ಟಬೇಡಿರಿ. ಅದು ಸುಳ್ಳಾದಾಗ ಆಟಗಾರನನ್ನು ಬಯ್ಯಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕ ತಪ್ಪಿದ ಮರುವಾರವೂ ಅದೇ ನೀಲಿಯಂಗಿಯಲ್ಲಿ ಅದೇ ಸ್ಥಳಕ್ಕೆ ಬಂದು ನಿಲ್ಲಿರಿ. ಸೋತ ತಂಡಕ್ಕೆ ಬೇಕಾಗಿರುವುದು ಆ ಬೆಂಬಲವೇ.